ಟಾರ್ಚ್ ಹಿಡಿದು ಸೂರ್ಯನನ್ನು ಹುಡುಕಿದ್ದು

ಅಂದು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಅವಲಕ್ಕಿಗೆ ಒಗ್ಗರಣೆ ಹಾಕಿ, ನಮ್ಮನೆಯವರನ್ನು ಭದ್ರಾವತಿಯ ಕಾಲೇಜಿಗೆ ಕಳಿಸಿ, ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಡೆಸ್ಕ್ ಒರೆಸದೆ ಕೂರಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದನ್ನು ನಾನಿನ್ನೂ ಮರೆತಿಲ್ಲ. ಮೇಜಿನ ಮೇಲೆ ಅವರ ಲ್ಯಾಪ್‌ಟಾಪ್ ತೆರೆದೇ ಇತ್ತು. ಕೀಲಿಗಳ ಸಂದಿಯಲ್ಲೆಲ್ಲ ಚಕ್ಕುಲಿ ಪುಡಿ.

ಹೊರಡುವಾಗ ಅವರು ಎಚ್ಚರಿಸಿದ್ದು ನಿಜ. "ಆ ಸಣ್ಣ ಸೂರ್ಯನ ಚಿತ್ರದ ಕೀ ಮಾತ್ರ ಮುಟ್ಬೇಡ ಮಾರಾಯ್ತಿ. ಫರ್ಮ್‌ವೇರ್ ದೋಷ. ಪರದೆ ಬೆಳಕು ಇಳಿಯುತ್ತೆ, ಮತ್ತೆ ಏರಲ್ಲ." ಮರುದಿನ ಕಾಲೇಜಿನ ತಪಾಸಣೆಗೆ ಬರುವವರಿಗೆ ತೋರಿಸಬೇಕಾದ್ದೆಲ್ಲ ಅದರಲ್ಲೇ ಇತ್ತು. ಮುಟ್ಟುವುದಿಲ್ಲ ಎಂದಿದ್ದೆ. ಮುಟ್ಟಲೂ ಇಲ್ಲ. ಒರೆಸಿದೆ, ಅಷ್ಟೇ!

ಪರದೆ ಕಪ್ಪಾಯಿತು.

ಬೆಳಕು ಏರಿಸುವ ಪಕ್ಕದ ಕೀಲಿಯ ದೊಡ್ಡ ಸೂರ್ಯನನ್ನು ಒತ್ತಿದೆ, ಮತ್ತೆ ಒತ್ತಿದೆ, ಬೇಡಿಕೊಂಡೆ. ಕತ್ತಲೆ ಕದಲಲಿಲ್ಲ. ನಾದಿನಿ ಸುಧಾಗೆ ಫೋನ್ ಮಾಡಿದೆ. ಅವಳು ಭದ್ರಾವತಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಅಣ್ಣನಿಗೆ ಹೇಳಬಾರದೆಂದು ಮೊದಲೇ ಆಣೆ ಮಾಡಿಸಿಕೊಂಡೆ.

"ಹೆದರ್ಬೇಡಿ ಅತ್ತಿಗೆ, ಪರದೆ ಹಿಂದಿನ ದೀಪ ಆರಿದೆ ಅಷ್ಟೆ. ಕಂಬಳಿ ಹೊದ್ಕೊಂಡು ಟಾರ್ಚ್ ಬೆಳಕು ಬಿಟ್ರೆ ಮಸುಕಾಗಿ ಕಾಣುತ್ತೆ. ಎಡಗಡೆ ಮೂಲೇಲಿ ಅಣ್ಣ ಇಟ್ಕೊಂಡಿರೋ ಸೂರ್ಯನ ಗುರುತಿದೆ, ಅದನ್ನ ಒತ್ತಿ. ಬೆಳಕು ಬರುತ್ತೆ." ಎಷ್ಟು ಸಲೀಸಾಗಿ ಹೇಳಿದಳು!

ಕಿಟಕಿ ಪಕ್ಕದ ಆ ಮೇಜಿನ ಮುಂದೆಯೇ ಕಂಬಳಿ ಹೊದ್ದು ಕೂತೆ. ಹೊರಗೆ ಸುಡುಬಿಸಿಲು. ಒಳಗೆ ಬೆವರು ಸುರಿಸುತ್ತ ಟಾರ್ಚ್ ಹಿಡಿದು ಸೂರ್ಯನನ್ನು ಹುಡುಕುತ್ತಿದ್ದವಳು ಇಡೀ ವಿನೋಬನಗರದಲ್ಲಿ ನಾನೊಬ್ಬಳೇ ಇರಬೇಕು! ಸೂರ್ಯನೆಂದು ಒತ್ತಿದ್ದು ಕಸದ ಬುಟ್ಟಿಯ ಚಿತ್ರವನ್ನು. ಗಾಬರಿಯಲ್ಲಿ ಇನ್ನೇನನ್ನೋ ಒತ್ತಿದೆ. ಎಲ್ಲವನ್ನೂ ಶಾಶ್ವತವಾಗಿ ಅಳಿಸಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. 'ನೋ, ಥ್ಯಾಂಕ್ಯೂ' ಎಂದು ಬಾಯಲ್ಲೂ ಹೇಳಿ 'ನೋ' ಒತ್ತಿದೆ.

ಕೊನೆಗೂ ಸೂರ್ಯ ಸಿಕ್ಕ. ಬೆಳಕಾಯಿತು.

ಸಂಜೆ ಅವರು ಬಂದವರೇ ಲ್ಯಾಪ್‌ಟಾಪ್ ಮುಂದೆ ಕೂತರು. ನಾನು ಸೆರಗಿನ ಅಂಚು ಹಿಂಡುತ್ತ ನಿಂತೆ. ಫೈಲುಗಳೆಲ್ಲ ಇದ್ದವು. "ನೋಡಿದ್ಯಾ, ಹೇಳಿದ್ದು ಕೇಳಿದ್ರೆ ಯಾವ ತೊಂದ್ರೇನೂ ಇಲ್ಲ" ಎಂದರು. ವಿನಯದಿಂದ ತಲೆಯಾಡಿಸಿ ಕಾಫಿ ಕೊಟ್ಟೆ.

ಕಾಂಪೌಂಡಿನಾಚೆ ಪಕ್ಕದ ಮನೆಯ ಜುಬೇದಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕಿಟಕಿಯಲ್ಲಿ ನಮ್ಮಿಬ್ಬರನ್ನೂ ಕಂಡು ಕೇಳಿದಳು:

"ಏನ್ ಸಾರ್, ಹೋದ ವಾರ ಅದೇ ಮೇಜಿನ್ ಹತ್ರ ನೀವು ಕಂಬಳಿ ಹೊದ್ಕೊಂಡು ಹಬೆ ತಗೊಂಡ್ರಿ, ಇವತ್ತು ಅಕ್ಕ ತಗೊಂಡ್ರು. ಇಬ್ರಿಗೂ ನೆಗಡಿ ವಾಸಿ ಆಯ್ತಾ?"