ನಿಂಗೊಂದು ಮಾತು ಹೇಳ್ಬೇಕಿತ್ತು

ಕೊಡಗಿನ ಬಾಳೆಲೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯೂನಿಫಾರ್ಮಿನ ಹುಡುಗ ಹುಡುಗಿ ಮಾರು ದೂರ ನಿಂತು, ಇಬ್ಬರೂ ಒಂದೇ ಮರ ನೋಡ್ತಿದ್ದರೆ ನಂಗೆ ನಗು ಬರ್ತದೆ. ಪ್ರತಿ ವರ್ಷ ಅಂಥದ್ದೊಂದು ಜೋಡಿ ಇದ್ದೇ ಇರ್ತದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಆ ಜೋಡಿ ನಾವು. ನನ್ನಪ್ಪ ಎಸ್ಟೇಟಿನ ರೈಟರ್, ಆಳುಗಳ ಹಾಜರಿ ಬರೆಯುವವರು. ಅವನು ಪಕ್ಕದ ಎಸ್ಟೇಟಿನ ಡ್ರೈವರ್ ಮಗ. ಪರೀಕ್ಷೆ ಮುಗಿದರೆ ಓದೋಕೆ ಮೈಸೂರಿಗೆ ಹೋಗೋನು. ಅಷ್ಟರೊಳಗೆ ಅವನು ನಂಗೊಂದು ಮಾತು ಹೇಳಬೇಕಿತ್ತು. ಏನು ಮಾತು ಅಂತ ಇಡೀ ಕ್ಲಾಸಿಗೆ ಗೊತ್ತಿತ್ತು.

೧. ಕೊಡೆ

ಜುಲೈ ಮಳೆ. ಒಂದೇ ಕೊಡೆಯಲ್ಲಿ ಬರ್ತಿದ್ದೆವು.

"ನಿಂಗೊಂದು ಮಾತು ಹೇಳ್ಬೇಕು," ಅಂದ.

"ಹೇಳು," ಅಂದೆ.

"ನೀನಂದ್ರೆ..." ಅಂದವನು ಒಂಟಿ ಕಾಲಲ್ಲಿ ಕುಣಿಯೋಕೆ ಶುರು ಮಾಡಿದ. ಪ್ಯಾಂಟಿನೊಳಗೆ ಜಿಗಣೆ, ಮೊಣಕಾಲು ದಾಟಿತ್ತು! ಕೊಡೆ ನನ್ನ ಕೈಗೆ ತುರುಕಿ ಓಡಿದ.

"ನಿನ್ನೆ ಏನೋ ಹೇಳ್ತಿದ್ದೆ?" ಅಂತ ಮರುದಿನ ಕೇಳಿದೆ.

"ಜಿಗಣೆಗೆ ಉಪ್ಪು ಇಟ್ಕೊಂಡು ಓಡಾಡು ಅಂತ," ಅಂದ.

೨. ಬಸ್ಸಿನ ಸೀಟು

ಬ್ಯಾಗಿಟ್ಟು ನಂಗೆ ಸೀಟು ಹಿಡಿದಿದ್ದ. ನಾನು ಕೂರುವಷ್ಟರಲ್ಲಿ ಒಬ್ಬ ಅಜ್ಜಿ ಹಲಸಿನಹಣ್ಣಿನ ಸಮೇತ ನಮ್ಮಿಬ್ಬರ ನಡುವೆ ತೂರಿಕೊಂಡರು. ಕೂತ ಕೂಡಲೇ, "ಯಾವ ಮನೆ? ಯಾರ ಮಕ್ಕಳು?" ಮುಂದಿನ ಸ್ಟಾಪಿಗೆಲ್ಲ ಸಂಬಂಧ ಹುಡುಕಿಯೇಬಿಟ್ಟರು. "ನಿನ್ನಜ್ಜಿ ವರಸೆಯಲ್ಲಿ ನಂಗೆ ಅಕ್ಕ. ಇವಳಮ್ಮ ತಂಗಿ. ಇವಳು ನಿಂಗೆ ಚಿಕ್ಕಮ್ಮ ಆಗ್ಬೇಕು ಮಾರಾಯ!"

ಅಮ್ಮನನ್ನ ಕೇಳಿದರೆ, "ಆ ಅಜ್ಜಿಗೆ ಜಿಲ್ಲೆಯೆಲ್ಲ ನೆಂಟರೇ, ಬಿಡು," ಅಂದರು. ಅದನ್ನ ಅವನಿಗೆ ತಿಳಿಸುವವರೆಗೂ ಪಾಪ, ನನ್ನನ್ನ "ನೀವು" ಅಂತಿದ್ದ.

೩. ತೋಟದಲ್ಲಿ

ಪರೀಕ್ಷೆ ಮುಗೀತು. ಮೈಸೂರಿಗೆ ಹೊರಡುವ ದಿನ ಬೆಳಿಗ್ಗೆ ಅಪ್ಪ ಕೆಲಸ ಮಾಡೋ ತೋಟಕ್ಕೆ ಬಂದ. ಯಾರಾದ್ರೂ ನೋಡಿಯಾರು ಅಂತ ಕಾಫಿ ಗಿಡಗಳ ಹಿಂದೆ ಕೂತೆವು. ಗಾಬರಿಗೆ ಕೊಂಬೆ ಹಿಡಿದು ಅಲ್ಲಾಡಿಸ್ತಾನೇ ಇದ್ದ. ಇನ್ನು ಹೇಳೋದೇ ಇಲ್ಲವೇನೋ ಅಂತ ನಂಗೆ ಅಳು ಬಂತು.

ಗಿಡ ಅಲ್ಲಾಡಿದ್ದು ಕಂಡ ಆಳೊಬ್ಬಳು, "ಆನೆ! ಆನೆ!" ಅಂತ ಕೂಗಿದಳು. ನಮ್ಮ ಕಡೆ ಹಾಗೆ ಕೂಗಿದರೆ ಹತ್ತಿರ ಹೋಗಿ ನೋಡೋರು ಯಾರೂ ಇಲ್ಲ. ಎಲ್ಲರೂ ಓಡಿದರು, ಓಡ್ತಾನೇ ಆನೆ ಬಂದರೆ ತಿಳಿಸೋ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದರು. ಅಪ್ಪ ಮಾತ್ರ ನಿಂತು, ಆನೆ ಓಡಿಸೋಕೆ ದೂರದಿಂದಲೇ ಪಟಾಕಿ ಹಚ್ಚಿ ಎಸೆದರು.

ನಮ್ಮ ಬೆನ್ನ ಹಿಂದೆ ಢಂ! ಸತ್ತೆವು ಅಂದುಕೊಂಡು ಅವನು ನನ್ನ ಕೈ ಹಿಡಿದು ಕಿರುಚಿದ, "ನೀನಂದ್ರೆ ನಂಗೆ ಇಷ್ಟಾ!"

"ನಂಗೂ!" ಅಂತ ನಾನೂ ಕಿರುಚಿದೆ. ಅಂಥ ಖುಷಿ ಆಮೇಲೆ ನಂಗೆ ಆಗಿದ್ದೇ ಇಲ್ಲ.

ಹೊಗೆ ಸರಿದರೆ ಎದುರಿಗೇ ಅಪ್ಪ, ಕೈಯಲ್ಲಿ ಇನ್ನೊಂದು ಪಟಾಕಿ. ಬೈಯಲಿಲ್ಲ, ಹೊಡೆಯಲಿಲ್ಲ. ಮೊಬೈಲ್ ತೆಗೆದು ಗ್ರೂಪಿಗೆ ಹಾಕಿದರು:

"ಆನೆ ಅಲ್ಲ. ಹತ್ತನೇ ಕ್ಲಾಸ್. ಎರಡು ಉಂಟು, ಒಂದು ನಮ್ಮದೇ. ಎಲ್ಲರೂ ಕೆಲಸಕ್ಕೆ ಬನ್ನಿ."