ಪ್ರಳಯಕ್ಕೆ ಇಪ್ಪತ್ತು ಡ್ರಮ್ಮು

ನಮ್ಮ ಸೀಮೆಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಪ್ರಪಂಚ ಮುಳುಗುತ್ತದೆ. ಶಿರಾದ ನಮ್ಮ ಅಂಗಡಿಯಲ್ಲಿ ಕೂತಾಗಿನಿಂದ ನಾನೇ ನಾಲ್ಕೈದು ಸಲ ನೋಡಿದ್ದೇನೆ. ಮಾರನೇ ದಿನ ಎಂಟಕ್ಕೆ ಶಟರ್ ಎತ್ತುವುದು ಮಾತ್ರ ತಪ್ಪಿಲ್ಲ.

ಹೋದ ಸಲದ್ದು ನೀರಿನ ಪ್ರಳಯ. ಅಮಾವಾಸ್ಯೆ ಮಧ್ಯಾಹ್ನ ಹನ್ನೆರಡಕ್ಕೆ ಸಮುದ್ರ ಉಕ್ಕಿ ನಾಡೆಲ್ಲ ಮುಳುಗುತ್ತದೆ ಅಂತ ಎಲ್ಲರ ಮೊಬೈಲಿಗೂ ಬಂದಿತ್ತು. ನನ್ನ ತಲೆಬಿಸಿಯೇ ಬೇರೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದ ಇಪ್ಪತ್ತು ನೀಲಿ ಡ್ರಮ್ಮುಗಳು ಅಂಗಡಿ ಹಿಂದಿನ ಮನೆಯ ಹಜಾರದಲ್ಲಿ ಎರಡು ವರ್ಷದಿಂದ ಕೂತಿದ್ದವು. ಮನೆಮನೆಗೂ ಸಂಪು ಆದ ಮೇಲೆ ಡ್ರಮ್ಮು ಯಾರಿಗೆ ಬೇಕು? "ಈ ತಿಂಗಳು ಅವು ಹೋಗ್ಲಿಲ್ಲ ಅಂದ್ರೆ ನಾನು ನಮ್ಮಣ್ಣನ ಮನೆಗೆ ಹೋಗ್ತೀನಿ" ಅಂದಿದ್ದಳು ಹೆಂಡತಿ.

೧. ತೆಪ್ಪ

ಮೊದಲು ಬಂದವರು ಕೊರಟಗೆರೆಯ ರಿಟೈರ್ಡ್ ಮೇಷ್ಟ್ರು. ನಾಲ್ಕು ಡ್ರಮ್ಮಿಗೆ ಹಗ್ಗ ಕಟ್ಟಿ, ಮೇಲೆ ಹಲಗೆ ಹಾಕಿ ತೆಪ್ಪ ಮಾಡುತ್ತಾರಂತೆ.

"ತೇಲುತ್ತೇನ್ರೀ?"

"ತೇಲದಿದ್ರೆ ವಾಪಸ್ ತನ್ನಿ ಸಾರ್, ತಗೋತೀನಿ."

"ಒಂದ್ಸಲ ನೀರಿಗೆ ಬಿಟ್ಟು ನೋಡಬಹುದಿತ್ತು."

"ಅಷ್ಟು ನೀರು ಶಿರಾದಲ್ಲೆಲ್ಲಿದೆ ಸಾರ್? ಅದಕ್ಕೆ ಪ್ರಳಯಾನೇ ಬರಬೇಕು."

ಪಕ್ಕದಲ್ಲಿ ನಿಂತವರೆಲ್ಲ ಈ ಗ್ಯಾರಂಟಿ ಕೇಳಿಸಿಕೊಂಡರು. ಅದೇ ನಾನು ಮಾಡಿದ ತಪ್ಪು.

೨. ಕೆರೆ

ಪಾವಗಡದ ಕಡೆ ಬಲಸಮುದ್ರದವನೊಬ್ಬ ಎರಡು ಡ್ರಮ್ಮು ಎತ್ತಿಕೊಂಡು ಕೇಳಿದ: "ಏಮನ್ನಾ, ಎಲ್ಲಾ ಊರಿಗೂ ಹನ್ನೆರಡಕ್ಕೇನಾ? ನಮ್ಮೂರಿಗೆ ಬಸ್ಸೂ ಲೇಟು, ಮಳೇನೂ ಲೇಟು. ಇದನ್ನ ಮಾರನೇ ದಿನಕ್ಕೂ ಇಟ್ಕೋಬೇಕಾ?"

ಅವನ ಹಿಂದೆ ಮದಲೂರಿನ ಯಜಮಾನರೊಬ್ಬರು ನಿಂತಿದ್ದರು.

"ಸಾವ್ಕಾರ್ರೇ, ಪ್ರಳಯ ಬಂದ್ರೆ ನಮ್ಮ ಕೆರೆ ತುಂಬ್ತದಾ?"

"ಕೋಡಿ ಬೀಳ್ತದೆ ಯಜಮಾನ್ರೇ."

"ಅಂಗಾದ್ರೆ ಡ್ರಮ್ಮು ಯಾಕೆ, ಬುಡಿ" ಅಂತ ನಗುತ್ತಾ ಹೊರಟೇಬಿಟ್ಟರು.

ಅಷ್ಟು ಖುಷಿಯಾಗಿ ಪ್ರಳಯಕ್ಕೆ ಕಾದವರನ್ನು ನಾನು ಬೇರೆ ನೋಡಿಲ್ಲ. ಅವರೊಬ್ಬರನ್ನು ಬಿಟ್ಟರೆ ಬಂದವರೆಲ್ಲ ಒಯ್ದರು. ಮೂರೇ ದಿನಕ್ಕೆ ಹಜಾರ ಖಾಲಿ.

೩. ಬೆಟ್ಟ

ಅಮಾವಾಸ್ಯೆ ದಿನ ಹೆಂಡತಿ, ಪಕ್ಕದ ಮನೆಯ ಟೈಲರ್ ಹೆಂಡತಿ, ಇಬ್ಬರೂ ಚಿತ್ರಾನ್ನ ಕಟ್ಟಿಕೊಂಡು ಮಧುಗಿರಿ ಬೆಟ್ಟಕ್ಕೆ ಬಸ್ ಹತ್ತಿದರು. ನಾನು ಅಂಗಡಿ ಬಿಟ್ಟು ಬರುವುದಿಲ್ಲ ಅಂದೆ. ಐವತ್ತು ಮೆಟ್ಟಿಲಿಗೇ ಟೈಲರ್ ಹೆಂಡತಿ ಕೂತುಬಿಟ್ಟರಂತೆ. "ಅರೇ ಅಕ್ಕಾ, ನೀರು ಇಲ್ಲಿಗಂಟ ಬರ್ಲಿ, ಆಮೇಲೆ ಮಿಕ್ಕಿದ್ದು ಹತ್ತೋಣ."

ಹನ್ನೆರಡೂ ಕಾಲಿಗೆ ಹೆಂಡತಿಯ ಫೋನು.

"ನೀರು ಬಂತಾ?"

"ಇಲ್ಲ ಕಣೇ."

"ಸಮುದ್ರದ್ದಲ್ಲ ರೀ, ನಲ್ಲೀದು! ಇವತ್ತು ನಲ್ಲಿ ಬಿಡೋ ದಿನ. ಸಂಪಿಗೆ ಪೈಪ್ ಹಾಕಿದೀರೋ ಇಲ್ವೋ?"

೪. ಬೋಣಿ

ಮಾರನೇ ದಿನ ಶಟರ್ ಎತ್ತಿದರೆ ಮೆಟ್ಟಿಲ ತುಂಬ ನೀಲಿ. ಇಪ್ಪತ್ತಕ್ಕೆ ಇಪ್ಪತ್ತೂ ಬಂದಿದ್ದವು. ಮುಂದೆ ಮೇಷ್ಟ್ರು.

"ತೇಲಲಿಲ್ಲ ಕಣ್ರೀ."

"ನೀರೇ ಇಲ್ದೆ ಹೆಂಗೆ ತೇಲುತ್ತೆ ಸಾರ್?"

"ಅದು ನನಗೆ ಗೊತ್ತಿಲ್ಲ. ತೇಲದಿದ್ರೆ ವಾಪಸ್ ಅಂದೋರು ನೀವು."

ಒಳಗಿಂದ ಹೆಂಡತಿ ಅಣ್ಣನಿಗೆ ಫೋನ್ ಮಾಡುತ್ತಿರುವುದು ಕೇಳಿಸಿತು. ನಾನು ಅಗರಬತ್ತಿ ಹಚ್ಚಿ ಹೇಳಿದೆ: "ತಗೋತೀನಿ. ಆದ್ರೆ ಇನ್ನೂ ಬೋಣಿ ಆಗಿಲ್ಲ. ದಿನದ ಮೊದಲ ವ್ಯಾಪಾರ ಆಗೋ ಮುಂಚೆ ವಾಪಸ್ ತಗೊಳ್ಳೋ ಪದ್ಧತಿ ನಮ್ಮಪ್ಪನ ಕಾಲದಿಂದ್ಲೂ ಇಲ್ಲ."

ಬೋಣಿ ಅಂದ ಮೇಲೆ ಯಾರೂ ತಕರಾರು ಮಾಡಲಿಲ್ಲ. ಡ್ರಮ್ಮು ಬೋರಲು ಹಾಕಿ ಅದರ ಮೇಲೇ ಕೂತರು. ಬಾಗಿಲಿಗೆ ಡ್ರಮ್ಮು ಅಡ್ಡ, ಗಿರಾಕಿ ಒಳಗೆ ಬರುವುದು ಹೇಗೆ? ಒಂಬತ್ತೂವರೆ ಆಯಿತು. ಮೇಷ್ಟ್ರು ತಾವೇ ಒಂದು ಬೆಂಕಿಪೊಟ್ಟಣ ಕೊಂಡು ಬೋಣಿ ಮಾಡುತ್ತೇನೆ ಅಂತ ಎದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಲಗೇಜ್ ಆಟೋದಲ್ಲಿ ಮದಲೂರಿನ ಯಜಮಾನರು ಬಂದಿಳಿದರು. ಮುಖ ಜೋತುಬಿದ್ದಿತ್ತು.

"ಕೆರೆಗೆ ಒಂದು ಬಿಂದಿಗೆ ನೀರೂ ಬರ್ನಿಲ್ಲ ಸಾವ್ಕಾರ್ರೇ. ಎಲ್ಲಾ ಸುಳ್ಳು. ಇನ್ನು ಇರೋದನ್ನ ಹಿಡಿದಿಟ್ಕೊಳ್ಳೋದೇ ಸೈ. ನಮ್ಮ ಬೀದಿಗೆಲ್ಲ ಡ್ರಮ್ಮು ಬೇಕು."

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಬೆಂಕಿಪೊಟ್ಟಣ ಮರೆತು ಹಾರಿದರು. "ಇವರು ದುಡ್ಡು ವಾಪಸ್ ಕೊಟ್ಟಾಗ ಕೊಟ್ಟ ಹಾಗೆ! ಅರ್ಧ ರೇಟಿಗೆ ನನ್ನವು ತಗೊಳ್ಳಿ, ನೀರೇ ಮುಟ್ಟಿಸಿಲ್ಲ!" ಮಿಕ್ಕವರೂ ಮುಗಿಬಿದ್ದರು. ಕಾಲು ಗಂಟೆಯಲ್ಲಿ ಇಪ್ಪತ್ತೂ ಆಟೋ ಏರಿದವು. ಬಿಗಿಯುವುದಕ್ಕೆ ಯಜಮಾನರು ನನ್ನ ಹತ್ತಿರ ಹಗ್ಗ ಕೊಂಡರು.

"ಬೋಣಿ ಆಯ್ತು!" ಅಂತ ನಾನು ಗಟ್ಟಿಯಾಗಿ ಕೂಗಿದೆ. "ಈಗ ಯಾರ್ಯಾರದು ವಾಪಸ್ಸು, ತನ್ನಿ!"

ಮೆಟ್ಟಿಲ ಮೇಲೆ ಒಬ್ಬರೂ ಇರಲಿಲ್ಲ.

ಯಜಮಾನರು ಆಟೋ ಹತ್ತುತ್ತಾ ಹೇಳಿದರು: "ಇನ್ನೊಂದ್ಸಲ ಪ್ರಳಯ ಬಂದ್ರೆ ತಿಳಿಸ್ರಪ್ಪಾ. ಮಾರ್ನೇ ದಿನ ಬತ್ತೀನಿ."