ಚಿಕ್ಕಮ್ಮನ ಕೈಪಿಡಿಯೂ ಆಯುಧಪೂಜೆಯ ಕಳ್ಳನೂ

ನಮ್ಮ ಚಿಕ್ಕಮ್ಮ ಬರುತ್ತಿದ್ದಾರೆಂದರೆ ಮೈಸೂರಿನ ಲಕ್ಷ್ಮೀಪುರಂನ ಅವರ ಬೀದಿಯ ಜನ ಕಂಪ್ಯೂಟರಿಗೆ ಬೆಡ್‌ಶೀಟ್ ಹೊದಿಸಿ, "ಕೆಟ್ಟೋಗಿದೆ ಮೇಡಂ" ಎನ್ನುತ್ತಿದ್ದ ಕಾಲವೊಂದಿತ್ತು. ಉತ್ಪ್ರೇಕ್ಷೆ ಅಂದುಕೊಂಡಿರಾ? ಇದ್ದರೂ ಸ್ವಲ್ಪವೇ!

ಆದದ್ದಿಷ್ಟು. ಹೆಬ್ಬಾಳದ ಕಡೆಯ ಒಂದು ಪುಟ್ಟ ಕಂಪನಿ ಹೊಸ ತಂತ್ರಾಂಶವೊಂದನ್ನು ಮಾಡಿತ್ತು. ಅದನ್ನು ತೆರೆದರೆ ಸಾಕು, ಆ ಕಂಪ್ಯೂಟರ್ ಯಾವಾಗ ಆನ್ ಆಯಿತು, ಅದರಲ್ಲಿ ಏನೇನು ತೆರೆದರು, ಯಾವಾಗ ಮುಚ್ಚಿದರು ಎಂಬ ಪೂರ್ವಚರಿತ್ರೆಯೆಲ್ಲ ಪರದೆಯ ಮೇಲೆ ಸಾಲಾಗಿ ಬರುತ್ತದೆ. ಅದಕ್ಕೆ ಕನ್ನಡ ಕೈಪಿಡಿ ಬರೆಯುವ ಕೆಲಸ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಚಿಕ್ಕಮ್ಮನಿಗೆ ಬಂತು. ಬೇರೆಯವರಾಗಿದ್ದರೆ ಇಂಗ್ಲಿಷಿನದನ್ನು ಪಕ್ಕದಲ್ಲಿಟ್ಟುಕೊಂಡು ಗೀಚಿ ಕೊಟ್ಟುಬಿಡುತ್ತಿದ್ದರು. ಚಿಕ್ಕಮ್ಮನದು ಉಡದ ಪಟ್ಟು. ಕಂಪ್ಯೂಟರಿನ ಗಂಧಗಾಳಿ ಇಲ್ಲದವರೂ ಯಾರನ್ನೂ ಕೇಳದೆ, ಬರೀ ಓದಿಕೊಂಡು ಇದನ್ನು ನಡೆಸಬೇಕು. ನಡೆಸಲಾಗದಿದ್ದರೆ ಆ ವಾಕ್ಯಕ್ಕೆ ಕತ್ತರಿ!

ಹಾಗಾಗಿ ವ್ಯಾನಿಟಿ ಬ್ಯಾಗಿನಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಮನೆಮನೆಗೆ ಪರೀಕ್ಷೆಗೆ ಹೊರಟರು. ಎದುರುಮನೆಯ ರಾಯರು ದಿನವಿಡೀ ಬಾಗಿಲು ಹಾಕಿಕೊಂಡು ಆತ್ಮಕಥೆ ಬರೆಯುತ್ತಿದ್ದರು. ಅವರ ಹೆಂಡತಿ ಸದ್ದು ಮಾಡದೆ ಕಾಫಿ ಇಟ್ಟು ಬರುತ್ತಿದ್ದರು. ಪಾಪ ರಾಯರು, ಕೈಪಿಡಿ ಓದುತ್ತ ತಾವೇ ಗುಂಡಿ ಒತ್ತಿದರು. ಪರದೆಯ ತುಂಬ ಬೆಳಗಿನಿಂದ ಸಂಜೆಯವರೆಗೆ ಬರೀ ಇಸ್ಪೀಟಾಟ!

"ಇದೇ ಏನ್ರೀ ಆತ್ಮಕಥೆ?" ಎಂದರು ಹೆಂಡತಿ.

ಚಿಕ್ಕಮ್ಮನಿಗೆ ಮಾತ್ರ ಪರಮಾನಂದ. "ನೋಡಿದ್ರಾ, ಒಂದೂ ತಪ್ಪಿಲ್ದೆ ಮಾಡ್ಬುಟ್ರು!" ಎಂದರು. ಬೀದಿಯಲ್ಲಿ ಬೆಡ್‌ಶೀಟುಗಳು ಹೊರಬಂದದ್ದು ಮಾರನೆಯ ದಿನದಿಂದ.

ಆಮೇಲೆ ವಿಜಯನಗರದಿಂದ ನನ್ನನ್ನೇ ಕರೆಸಿದರು. "ಗುಂಡಿ ಒತ್ತಿ" ಎಂದು ಬರೆದಿತ್ತು, ಒತ್ತಿದೆ. ಇಡೀ ಯಂತ್ರವೇ ಆರಿಹೋಯಿತು. ನಾನು ಒತ್ತಿದ್ದು ಕೆಳಗಿನ ಡಬ್ಬದ ಗುಂಡಿಯನ್ನು! ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತರೆ, "ತಪ್ಪು ನಿಂದಲ್ಲ ಕಣೋ, ನನ್ನ ವಾಕ್ಯದ್ದು" ಎಂದು ಇಡೀ ಪುಟವನ್ನೇ ತಿದ್ದಲು ಕೂತರು. ಶಿಸ್ತು ಎಷ್ಟೆಂದರೆ, ಕೈಪಿಡಿಯ ಮೊದಲ ವಾಕ್ಯವೇ "ಮೊದಲು ಕುರ್ಚಿಯ ಮೇಲೆ ಕುಳಿತುಕೊಳ್ಳಿ" ಎಂದಿತ್ತು.

"ನಿಂತಿರೋರು ಏನ್ಮಾಡ್ಬೇಕೇ?" ಎಂದು ಚಿಕ್ಕಪ್ಪ ಪೇಪರಿನ ಹಿಂದಿನಿಂದ ನಕ್ಕರು. ಅವರು ಆ ಕಂಪ್ಯೂಟರನ್ನು ಬಟ್ಟೆಯಿಂದ ಒರೆಸಿದವರೂ ಅಲ್ಲ. ಪರೀಕ್ಷೆಗೆ ಅವರಿಗಿಂತ ಯೋಗ್ಯರು ಮೈಸೂರಿನಲ್ಲಿದ್ದರೇ? ಆದರೆ ಚಿಕ್ಕಮ್ಮ ಎಷ್ಟು ಗೋಗರೆದರೂ ಒಂದೇ ಉತ್ತರ: "ನಾನು ಆ ಡಬ್ಬ ಮುಟ್ಟಲ್ಲ. ಕನ್ನಡ್ದಲ್ಲಿ ಇದನ್ನೆಲ್ಲ ಯಾರು ಓದ್ತಾರೆ, ಬುಡೇ!"

ದಸರಾ ಹೊತ್ತಿಗೆ ಕಂಪನಿಯವರೂ ಅದೇ ರಾಗ ತೆಗೆದರು. "ಎಲ್ರೂ ವಿಡಿಯೋ ನೋಡ್ಕೋತಾರೆ ಮೇಡಂ. ಏನೂ ಗೊತ್ತಿಲ್ದೋರು ಒಬ್ರಾದ್ರೂ ಬರೀ ಓದಿ ಮಾಡಿದ್ರೆ ಹಬ್ಬ ಮುಗಿದ್ಮೇಲೆ ತಿಳಿಸಿ. ಇಲ್ದಿದ್ರೆ ಕೈಬಿಡೋಣ" ಎಂದರು. ರಾಯರು, ನಾನು ಎಲ್ಲ ಪಳಗಿದ ಕೈಗಳಾಗಿಬಿಟ್ಟಿದ್ದೆವು. ಹೊಸಬರು ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಚಿಕ್ಕಮ್ಮ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಡ್ರಾಯರಿಗೆ ಹಾಕಿಬಿಟ್ಟರು. ನನಗೆ ಸಂಕಟವಾಯಿತು.

ಆಯುಧಪೂಜೆ ಬಂತು. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಕೀಲಿಮಣೆಯ ಮೇಲೆ ಸೇವಂತಿಗೆ ಇಟ್ಟು ಮಂಗಳಾರತಿ ಎತ್ತಿದರು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಅದು ಅವರ ತವರಿನ ಕಟ್ಟಳೆ. ಈಳಿಗೆಮಣೆಯೂ ಪೂಜೆಗೆ ಕೂತು, ಆವತ್ತು ಹುಳಿಗೆ ಬರೀ ಬೇಳೆ! ಅಚ್ಚು ತೆಗೆದ ಕೈಪಿಡಿಯನ್ನು ಮೇಜಿನ ಮೇಲಿಟ್ಟು, ಮಧ್ಯಾಹ್ನ ನನ್ನನ್ನು ಕರೆದುಕೊಂಡು ನೆಂಟರ ಮನೆಗೆ ಗೊಂಬೆ ನೋಡಲು ಹೋದರು.

ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ತಂತ್ರಾಂಶ ತೆರೆದವರೇ ಕಿಟಾರನೆ ಕಿರುಚಿದರು. "ನಿನ್ನೆ ಮಧ್ಯಾಹ್ನ ಇದನ್ನ ಯಾರೋ ಮುಟ್ಟಿದ್ದಾರೆ! ಪೂಜೆ ದಿನ! ಯಾವ ಕಳ್ಳ ಬಂದಿದ್ದ?"

ನಾನು ಅವರ ಜೊತೆಗೇ ಇದ್ದೆ, ಬಚಾವಾದೆ. ಚಿಕ್ಕಮ್ಮ ಸಿಟ್ಟಿನಿಂದ ಗಟ್ಟಿಯಾಗಿ ಓದತೊಡಗಿದರು. "ಯಂತ್ರ ಆನ್ ಆಗಿದೆ. ತಂತ್ರಾಂಶ ತೆರೆದಿದೆ. ನಡುವೆ ಕ್ಯಾಲ್ಕ್ಯುಲೇಟರ್ ತೆರೆದು ಮುಚ್ಚಿದೆ. ಪಟ್ಟಿ ಉಳಿಸಿದೆ. ತಂತ್ರಾಂಶ ಮುಚ್ಚಿದೆ. ಯಂತ್ರ ಕ್ರಮವಾಗಿ ಆರಿದೆ..." ಓದುತ್ತ ಓದುತ್ತ ದನಿ ಇಳಿಯಿತು. ಕ್ಯಾಲ್ಕ್ಯುಲೇಟರೊಂದನ್ನು ಬಿಟ್ಟರೆ ಎಲ್ಲವೂ ಅವರದೇ ಕೈಪಿಡಿಯ ಹೆಜ್ಜೆಗಳು, ಅದೇ ಕ್ರಮದಲ್ಲಿ. ನಿನ್ನೆ ಮನೆಯಲ್ಲಿ ಉಳಿದದ್ದು ಒಬ್ಬರೇ.

ಚಿಕ್ಕಮ್ಮ ಮೆಲ್ಲಗೆ ತಿರುಗಿದರು. "ರೀ... ಕ್ಯಾಲ್ಕ್ಯುಲೇಟರ್ ಯಾಕ್ರೀ?"

ಪೇಪರ್ ಕೆಳಗಿಳಿಯಲಿಲ್ಲ. "ಐದನೇ ಪುಟದಲ್ಲಿ ನಿನ್ನ ವಾಕ್ಯ ಸರಿಯಿಲ್ಲ ಕಣೇ. 'ಪಕ್ಕದ ಚಿತ್ರ' ಅಂದಿದ್ದೀಯ. ಯಾವ ಪಕ್ಕ? ಎಡಕ್ಕೋ, ಬಲಕ್ಕೋ? ತಿದ್ದಿ ಕಳ್ಸು. ಉಳಿದಿದ್ದೆಲ್ಲ ಯಾರನ್ನೂ ಕೇಳ್ದೆ ಮಾಡ್ದೆ."

ಚಿಕ್ಕಮ್ಮ ಪೆನ್ನು ತೆಗೆದು ಐದನೆಯ ಪುಟ ತೆರೆದರು. ತೆರೆದರಷ್ಟೆ, ಅಕ್ಷರ ಕಾಣುವ ಸ್ಥಿತಿಯಲ್ಲಿ ಕಣ್ಣುಗಳಿರಲಿಲ್ಲ.

"ಪೂಜೆಗಿಟ್ಟಿದ್ದನ್ನ ಮುಟ್ಬಾರ್ದು ಅಂತ ಗೊತ್ತಿರ್ಲಿಲ್ವಾ ನಿಮ್ಗೆ?" ಎಂದರು, ಬಯ್ಯುವ ದನಿ ತರಲು ನೋಡುತ್ತ.

"ಗೊತ್ತಿತ್ತು. ಸೇವಂತಿಗೆ ಎತ್ತಿಟ್ಟು, ಕೈ ಮುಗಿದೇ ಮುಟ್ಟಿದ್ದು." ಪೇಪರ್ ಕೊನೆಗೂ ಕೆಳಗಿಳಿಯಿತು. "ಕುರ್ಚಿ ಮೇಲೆ ಕೂತ್ಕೊಂಡೇ ಮಾಡ್ದೆ ಕಣೇ. ನೀನು ಬರ್ದಿದ್ದೀಯಲ್ಲ."